ಆಯಿಲ್ ಬದಲಿಸಿದ ಮೇಲೆ ಎಂಜಿನ್ನಿನ ಕೆಳಗೆ ಸೋರಿಕೆ: ಪರಿಹಾರ ತಿಳಿಸಿರಿ

ಸೇಡಂ ಸವಾರ: ಕಳೆದ ಭಾನುವಾರ ಮನೆಯಂಗಳದಲ್ಲಿಯೇ ಬೈಕಿನ ಎಂಜಿನ್ ಆಯಿಲ್ ಬದಲಿಸಿದೆ. ಅಂದಿನಿಂದ ಎಂಜಿನ್ನಿನ ಕೆಳಭಾಗದಿಂದ ಆಯಿಲ್ ತೊಟ್ಟಿಕ್ಕುತ್ತಿದ್ದು, ಶಹಾಬಾದ್ ಫರಸಿಯ ಮೇಲಿನ ಕಲೆ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಹಳೆಯ ಆಯಿಲ್ ಇಳಿಸುವ ಡ್ರೇನ್ ಬೋಲ್ಟನ್ನು ಮತ್ತೆ ಬಿಗಿ ಮಾಡಿದೆ, ಪ್ರಯೋಜನವಾಗಲಿಲ್ಲ. ಉಳಿದದ್ದೆಲ್ಲ ಸರಿಯಾಗಿಯೇ ಇದೆ.

ಬೀದರ್ ಬುಲೆಟ್: ಆ ಬೋಲ್ಟಿಗೆ ಹಳೆಯ ವಾಷರನ್ನೇ (ಸೋರದಂತೆ ತಡೆಯುವ ಲೋಹದ ಬಳೆ) ಹಾಕಿದ್ದೀರಿ. ಒಮ್ಮೆ ಅದುಮಿಸಿಕೊಂಡ ಅಲ್ಯೂಮಿನಿಯಂ ವಾಷರ್ ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ. ಸೋರುತ್ತಿದೆಯೆಂದು ಬೋಲ್ಟನ್ನು ಬಿಗಿಯುತ್ತಲೇ ಹೋದರೆ ಎಂಜಿನ್ ಕೇಸಿನಲ್ಲಿ ಬೋಲ್ಟ್ ಕೂರುವ ಥ್ರೆಡ್ ಕಿತ್ತುಹೋಗಿ, ಹತ್ತಾರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಗೆ ಹೋಗುತ್ತದೆ.

ಯಾದಗಿರಿ ಮಿಸ್ತ್ರಿ: ಗಾಡಿ ಯಾವುದು, ಎಷ್ಟು ಆಯಿಲ್ ಹಾಕಿದಿರಿ?

ಸೇಡಂ ಸವಾರ: ಸ್ಪ್ಲೆಂಡರ್. ವಾಷರ್ ಹೊಸದು.

ಬೀದರ್ ಬುಲೆಟ್: ಹಾಗಾದರೆ ಅಳತೆ ತಪ್ಪಿದ ವಾಷರ್ ಇರಬೇಕು. ನನ್ನ ಬುಲೆಟ್ಟಿಗೆ ನಾನು ತಾಮ್ರದ್ದನ್ನೇ ಹಾಕುತ್ತೇನೆ, ಒಂದು ಹನಿಯೂ ಹೊರಗೆ ಬರುವುದಿಲ್ಲ.

ಆಳಂದ ರಸ್ತೆ: ವಾಷರಿಗಿಂತ ಮೊದಲು ಆಯಿಲ್ ನೋಡಿರಿ. ನಲವತ್ತು ಡಿಗ್ರಿ ದಾಟುವ ನಮ್ಮ ಕಲಬುರಗಿಯ ಬಿಸಿಲಿಗೆ 10ಡಬ್ಲ್ಯು-30 ದರ್ಜೆಯ ತೆಳು ಆಯಿಲ್ ನೀರಿನಂತಾಗುತ್ತದೆ. ಅದಕ್ಕಿಂತ ದಪ್ಪನೆಯ 20ಡಬ್ಲ್ಯು-50 ಹಾಕಿದರೆ ಸೋರಿಕೆ ತಾನೇ ನಿಲ್ಲುತ್ತದೆ.

ಯಾದಗಿರಿ ಮಿಸ್ತ್ರಿ: ಅಣ್ಣಾವರೇ, ದಪ್ಪ ಆಯಿಲ್ ಸೋರಿಕೆಯನ್ನು ನಿಧಾನಗೊಳಿಸಬಹುದೇ ಹೊರತು ಅದರ ಕಾರಣವನ್ನು ತೆಗೆಯುವುದಿಲ್ಲ. ಕೈಪಿಡಿ ಹೇಳಿದ ದರ್ಜೆಯೇ ಸಾಕು. ಬಾಟಲಿಯ ಮೇಲೆ ಜಾಸೋ ಎಂಎ (ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್ ಎಂಬ ಗುರುತು) ಎಂದಿರುವುದನ್ನು ಮಾತ್ರ ನೋಡಿಕೊಳ್ಳಬೇಕು, ಏಕೆಂದರೆ ಈ ಗಾಡಿಗಳಲ್ಲಿ ಕ್ಲಚ್ ಪ್ಲೇಟುಗಳೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ, ಕಾರಿನ ಆಯಿಲ್ ಹಾಕಿದರೆ ಅವು ಜಾರಬಹುದು. ನಾನು ಎಷ್ಟು ಆಯಿಲ್ ಎಂದು ಕೇಳಿದ್ದೆ.

ಸೇಡಂ ಸವಾರ: 900 ಮಿ.ಲೀ. ಬಾಟಲಿ ಪೂರ್ತಿ ಹಾಕಿದರೂ ಆಯಿಲ್ ಮುಚ್ಚಳದ ಅಳತೆ ಕಡ್ಡಿಯಲ್ಲಿ ಮಟ್ಟ ಕೆಳಗೇ ತೋರಿತು, ಆದ್ದರಿಂದ ಇನ್ನೊಂದು ಬಾಟಲಿಯಿಂದ ಸೇರಿಸಿದೆ. ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಎಲ್ಲರಂತೆಯೇ ನೋಡಿದ್ದೇನೆ. ಬೆಳಿಗ್ಗೆ ಚಾಲೂ ಮಾಡಿದಾಗ ತುಸು ನೀಲಿ ಹೊಗೆಯೂ ಬರುತ್ತದೆ, ಅದು ಬೇರೆ ವಿಷಯ.

ಆಳಂದ ರಸ್ತೆ: ಕಡ್ಡಿಯನ್ನು ತಿರುಗಿಸಿ ಪೂರ್ತಿ ಬಿಗಿದು ನೋಡಬೇಕಿತ್ತು.

ಯಾದಗಿರಿ ಮಿಸ್ತ್ರಿ: ಸ್ಪ್ಲೆಂಡರಿನಲ್ಲಿ ಕಡ್ಡಿಯನ್ನು ಒರೆಸಿ, ತಿರುಗಿಸದೆ ಸುಮ್ಮನೆ ಇಳಿಸಿ ನೋಡುವುದು ಕ್ರಮ. ಬಿಗಿದು ನೋಡಿದ್ದರೆ ಮಟ್ಟ ಹೆಚ್ಚು ಕಾಣುತ್ತಿತ್ತೇ ಹೊರತು ಕಡಿಮೆಯಲ್ಲ. ಇಲ್ಲಿ ಕಡಿಮೆ ತೋರಿಸಿದ್ದು ಸೈಡ್ ಸ್ಟ್ಯಾಂಡ್: ಗಾಡಿ ಎಡಕ್ಕೆ ವಾಲಿದಾಗ ಆಯಿಲ್ ಎಡಕ್ಕೆ ಸರಿಯುತ್ತದೆ, ಕಡ್ಡಿ ಇರುವುದು ಬಲಗಡೆ. ಹೀಗೆ ಹೆಚ್ಚಾಗಿ ತುಂಬಿದ ಆಯಿಲ್ಲನ್ನು ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಕಲಕಿ ನೊರೆ ಮಾಡುತ್ತದೆ. ಅದು ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ನಳಿಕೆಯ ಮೂಲಕ ಏರ್ ಫಿಲ್ಟರ್ ಡಬ್ಬಿಗೆ ಸೇರಿ, ಒಂದಿಷ್ಟು ಎಂಜಿನ್ನಿನೊಳಗೆ ಉರಿದು ನೀಲಿ ಹೊಗೆಯಾಗುತ್ತದೆ, ಉಳಿದದ್ದು ಡಬ್ಬಿಯಿಂದ ಇಳಿದು ನಿಮ್ಮ ಫರಸಿಗೆ ಬೀಳುತ್ತದೆ. ಹೊಗೆ ಬೇರೆ ವಿಷಯವಲ್ಲ. ಡ್ರೇನ್ ಬೋಲ್ಟನ್ನು ಚೆನ್ನಾಗಿ ಒರೆಸಿ, ಸುತ್ತಲೂ ಸೀಮೆಸುಣ್ಣದ ಪುಡಿ ಹಚ್ಚಿ ಓಡಿಸಿ ನೋಡಿರಿ. ಪುಡಿ ಒಣಗಿಯೇ ಇದ್ದರೆ ವಾಷರಿನ ಮಾತನ್ನು ಬಿಡಬಹುದು.

ಸೇಡಂ ಸವಾರ: ಪುಡಿ ಒಣಗಿಯೇ ಇದೆ. ಏರ್ ಫಿಲ್ಟರ್ ಡಬ್ಬಿಯ ಕೆಳಗಿನ ನಳಿಕೆಯಲ್ಲಿ ಆಯಿಲ್ ನಿಂತಿದೆ. ಆದರೆ ನಮ್ಮ ಅಂಗಳವೇ ಇಳಿಜಾರು, ನಡುಸ್ಟ್ಯಾಂಡ್ ಹಾಕಿದರೂ ಮಟ್ಟ ಸರಿ ಬರುವುದಿಲ್ಲ. ಹೆಚ್ಚಿನದನ್ನು ತೆಗೆಯಲು ಎಲ್ಲ ಆಯಿಲ್ ಖಾಲಿ ಮಾಡಬೇಕೇ?

ಯಾದಗಿರಿ ಮಿಸ್ತ್ರಿ: ಬೇಡ. ದೊಡ್ಡ ಸಿರಿಂಜಿಗೆ ತೆಳ್ಳನೆಯ ನಳಿಕೆ ಸಿಕ್ಕಿಸಿ, ಆಯಿಲ್ ಹಾಕುವ ಬಾಯಿಂದಲೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಅಂಗಳ ಇಳಿಜಾರಾದರೆ ಸಮತಟ್ಟಾದ ರಸ್ತೆಗೆ ಒಯ್ಯಿರಿ, ನಡುಸ್ಟ್ಯಾಂಡ್ ಹಾಕಿ ಎಂಜಿನ್ನನ್ನು ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಅಷ್ಟೇ ಹೊತ್ತು ಬಿಟ್ಟು ಕಡ್ಡಿ ನೋಡಿರಿ. ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಕಾಗದದ ಏರ್ ಫಿಲ್ಟರ್ ಎಂಜಿನ್ ಆಯಿಲ್ ಕುಡಿದಿದ್ದರೆ ತೊಳೆಯಲು ಹೋಗದೆ ಹೊಸದನ್ನೇ ಹಾಕಿರಿ.

ಬೀದರ್ ಬುಲೆಟ್: ಇಷ್ಟಾದ ಮೇಲೂ ಸೋರಿದರೆ ವಾಷರ್ ನೋಡಿರಿ.