ಶುಭ ಶುಕ್ರವಾರದ ಐದನೆಯ ಮಾತು: ನಮ್ಮ ಬ್ಯಾಪ್ಟಿಸ್ಟ್ ಸಭೆ ಒಪ್ಪಿಕೊಳ್ಳಬೇಕೇ?

ಪ್ರಶ್ನೆ: ಸಭೆಯ ಕಾರ್ಯದರ್ಶಿ, ಕೋಲಾರ ಜಿಲ್ಲೆ

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ನಮ್ಮದು ನಲವತ್ತು ಮನೆಗಳ ಸ್ವತಂತ್ರ ಬ್ಯಾಪ್ಟಿಸ್ಟ್ ಸಭೆ. ನನ್ನ ಮುತ್ತಜ್ಜ ಆಂಧ್ರದ ಒಂಗೋಲಿನ ಕಡೆಯಿಂದ ಚಿನ್ನದ ಗಣಿಯ ಕೆಲಸಕ್ಕೆ ಬಂದವರು. 1878ರ ಜುಲೈ 3ರಂದು ಅಲ್ಲಿನ ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ತೆಗೆದುಕೊಂಡ ಸಂಗತಿಯನ್ನು ನಮ್ಮ ಮನೆಯಲ್ಲಿ ರಾತ್ರಿಯ ಊಟದ ಹೊತ್ತಿಗೆ ಹೇಳುತ್ತಿದ್ದರು. ನಂಬಿದವರಿಗೆ ಮಾತ್ರ, ಅದೂ ನೀರಿನಲ್ಲಿ ಮುಳುಗಿಸಿಯೇ ದೀಕ್ಷಾಸ್ನಾನ ಎಂಬುದನ್ನು ನಾನು ಅನ್ನದ ಜೊತೆ ಉಂಡು ಬೆಳೆದವನು. ಅದರಲ್ಲಿ ನನಗೆ ಸಂಶಯವಿಲ್ಲ.

ಊರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಪಾದ್ರಿ ಅಯ್ಯನವರು ನಮಗೊಂದು ಪತ್ರ ಕಳುಹಿಸಿದ್ದಾರೆ. ಈ ಸಲ ಶುಭ ಶುಕ್ರವಾರದ ಮೂರು ಗಂಟೆಗಳ ಆರಾಧನೆಯನ್ನು ಊರಿನ ಸಭೆಗಳೆಲ್ಲ ಸೇರಿ ಮಾಡೋಣ, ಶಿಲುಬೆಯ ಮೇಲಿನ ಏಳು ಮಾತುಗಳನ್ನು ಏಳು ಜನ ಬೋಧಕರು ಹಂಚಿಕೊಳ್ಳಲಿ, ಐದನೆಯದು ನಿಮ್ಮ ಸಭಾಪಾಲಕರಿಗೆ ಎಂದು ಬರೆದಿದ್ದಾರೆ. ‘ನನಗೆ ನೀರಡಿಕೆಯಾಗಿದೆ’ ಎಂಬ ಮಾತು.

ನಮ್ಮ ಪಾಲಕರಿಗೆ ಮೂವತ್ತನಾಲ್ಕು ವರ್ಷ. ವಾಕ್ಯದಲ್ಲಿ ಗಟ್ಟಿ, ಜನರ ಕಷ್ಟಕ್ಕೆ ನಡುರಾತ್ರಿಯಲ್ಲೂ ಎದ್ದು ಹೋಗುವವರು. ಪತ್ರವನ್ನು ಎರಡು ಸಲ ಓದಿ, ಆಗುವುದಿಲ್ಲ ಎಂದರು. ಏಳು ಜನರಲ್ಲಿ ಒಬ್ಬರು, ಕಾಣಿಕೆ ಹಾಕಿದರೆ ಸಾಲ ತೀರುತ್ತದೆ, ಕಾಯಿಲೆ ವಾಸಿಯಾಗುತ್ತದೆ ಎಂದು ಬೋಧಿಸುವವರು. ಅವರ ಜೊತೆ ಒಂದೇ ವೇದಿಕೆ ಹತ್ತುವುದು ಹೇಗೆ ಎಂದು ಕೇಳಿದರು. ಇಷ್ಟು ನನಗೂ ಅರ್ಥವಾಗುತ್ತದೆ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಅಂಥವರನ್ನು ಕರೆದ ಅಯ್ಯನವರಿಂದಲೂ ನಾವು ಬೇರೆಯಾಗಿಯೇ ಇರಬೇಕು ಎಂದರು.

ನಮ್ಮ ಸಭೆಗೆ ಸ್ವಂತ ಸಮಾಧಿ ಸ್ಥಳವಿಲ್ಲ. ಮೂರು ವರ್ಷದ ಹಿಂದೆ, ಮಳೆಗಾಲದಲ್ಲಿ, ನನ್ನ ತಾಯಿ ತೀರಿಕೊಂಡರು. ಸಭೆಯ ಲೆಟರ್‌ಹೆಡ್‌ನಲ್ಲಿ ನಾನೇ ಅರ್ಜಿ ಬರೆದು ಇದೇ ಅಯ್ಯನವರ ಮನೆಗೆ ಹೋದೆ. ಅವರು ಕಾಗದವನ್ನು ಬಿಚ್ಚದೆ ಜೇಬಿನಲ್ಲಿ ಇಟ್ಟುಕೊಂಡರು, ಛತ್ರಿ ತೆಗೆದುಕೊಂಡು ನನ್ನ ಜೊತೆ ನಡೆದು ಬಂದರು. ಬೇವಿನ ಮರದ ಪಕ್ಕದಲ್ಲಿ ಹೆಜ್ಜೆ ಹಾಕಿ ಅಳೆದು, ‘ಇಲ್ಲಿ ನೀರು ನಿಲ್ಲುವುದಿಲ್ಲ, ಇಲ್ಲೇ ತೋಡಿಸಿ’ ಎಂದರು. ಅಮ್ಮ ಯಾವ ಸಭೆಯವರೆಂದು ಅವರಿಗೆ ಗೊತ್ತಿತ್ತು. ಅದರ ಮಾತೇ ಬರಲಿಲ್ಲ.

ಈಗ ಅದೇ ಲೆಟರ್‌ಹೆಡ್‌ನಲ್ಲಿ, ನಿಮ್ಮ ಜೊತೆ ನಾವು ನಿಲ್ಲಲಾರೆವು ಎಂದು ನಾನೇ ಬರೆಯಬೇಕು. ನಾಲ್ಕು ದಿನದಿಂದ ಹಾಳೆ ಮೇಜಿನ ಮೇಲಿದೆ. ಬ್ಯಾಪ್ಟಿಸ್ಟರು ಈ ವಿಷಯದಲ್ಲಿ ಹಿಂದೆ ಹೇಗೆ ನಡೆದುಕೊಂಡಿದ್ದಾರೆ? ಬೇರ್ಪಡುವುದು ಎಲ್ಲಿಯವರೆಗೆ ಸರಿ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ಹಳೆಯ ದಾರಿ

ಸಹೋದರರೇ, ನಿಮ್ಮ ತಾಯಿಯವರ ವಿಷಯ ಓದಿ ಮನಸ್ಸು ಭಾರವಾಯಿತು. ಆದರೂ ನಾನು ನಿಮ್ಮ ಪಾಲಕರ ಪಕ್ಷ.

ಲಂಡನ್ನಿನ ಬ್ಯಾಪ್ಟಿಸ್ಟ್ ಬೋಧಕ ಸ್ಪರ್ಜನ್ ಅವರನ್ನು ನೆನೆಯಿರಿ. ಬ್ಯಾಪ್ಟಿಸ್ಟ್ ಒಕ್ಕೂಟದಲ್ಲಿ ಕೆಲವು ಬೋಧಕರು ಕ್ರಿಸ್ತನ ಪ್ರಾಯಶ್ಚಿತ್ತವನ್ನೂ ಧರ್ಮಗ್ರಂಥದ ಪ್ರೇರಣೆಯನ್ನೂ ಸಡಿಲ ಮಾಡುತ್ತಿದ್ದಾರೆ ಎಂದು ಅವರು 1887ರಲ್ಲಿ ತಮ್ಮ ಮಾಸಪತ್ರಿಕೆಯಲ್ಲಿ ಎಚ್ಚರಿಸಿದರು. ಯಾರೂ ಕಿವಿಗೊಡಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಒಕ್ಕೂಟ ಬಿಟ್ಟು ಹೊರಬಂದರು. 1888ರ ಜನವರಿಯಲ್ಲಿ ಒಕ್ಕೂಟದ ಸಮಿತಿ ಅವರ ಮೇಲೆಯೇ ಖಂಡನೆಯ ನಿರ್ಣಯ ಮಾಡಿತು. ಆಗಿನ ಕಾಲದ ಅತಿ ದೊಡ್ಡ ಬೋಧಕರೆನಿಸಿಕೊಂಡವರಿಗೆ ಸ್ವಂತ ಜನರಿಂದಲೇ ಆ ಮಾತು! ನಾಲ್ಕು ವರ್ಷದಲ್ಲಿ ತೀರಿಕೊಂಡರು, ಒಕ್ಕೂಟಕ್ಕೆ ಮರಳಲಿಲ್ಲ.

ಸುಳ್ಳು ಬೋಧನೆ ತರುವವನನ್ನು ಮನೆಯೊಳಗೆ ಸೇರಿಸಬೇಡಿರಿ ಎಂದು ಯೋಹಾನನ ಎರಡನೆಯ ಪತ್ರಿಕೆ ಹೇಳುತ್ತದೆ. ಅಂಥವನಿಗೆ ವಂದನೆ ಹೇಳುವವನೂ ಅವನ ಕೆಟ್ಟ ಕೃತ್ಯಗಳಲ್ಲಿ ಪಾಲುಗಾರನಾಗುತ್ತಾನೆ ಎಂದು ಅದರ ಬೆನ್ನಿಗೇ ಇದೆ. ನಿಮ್ಮ ಪಾಲಕರು ಅಯ್ಯನವರನ್ನೂ ದೂರವಿಡುವುದಕ್ಕೆ ಆಧಾರ ಇದೇ. ಬಡವರ ಕೈಯಿಂದ ಕಾಣಿಕೆ ಕಿತ್ತುಕೊಳ್ಳುವ ಬೋಧನೆಗೆ ಶಿಲುಬೆಯ ಕೆಳಗೆ ಜಾಗ ಕೊಡುವುದು ಸಣ್ಣ ತಪ್ಪಲ್ಲ. ಸಮಾಧಿಗೆ ಜಾಗ ಕೊಟ್ಟ ಋಣವನ್ನು ಬೇರೆ ರೀತಿಯಲ್ಲಿ ತೀರಿಸಿ, ವೇದಿಕೆಯಿಂದ ತೀರಿಸಬೇಡಿ.

ಉತ್ತರ: ನಿವೃತ್ತ ನರ್ಸ್, ಹೆಬ್ಬಾಳ

ಅಣ್ಣಾ, ನನಗೆ ವಾದ ಮಾಡಲು ಬರುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ.

ಇಲ್ಲಿ ಬಳ್ಳಾರಿ ರಸ್ತೆಯ ಬ್ಯಾಪ್ಟಿಸ್ಟ್ ಆಸ್ಪತ್ರೆಯನ್ನು ಕಟ್ಟಿದವರು ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಮಿಷನ್ನಿನವರು. 1973ರಲ್ಲಿ ಅದರ ಬಾಗಿಲು ತೆರೆಯಿತು. 1989ರಲ್ಲಿ ಅದರ ಆಡಳಿತವನ್ನು ಅವರು ವೆಲ್ಲೂರಿನ ಸಿಎಂಸಿಗೆ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ) ಒಪ್ಪಿಸಿದರು. ಸಿಎಂಸಿ ಒಂದು ಪಂಗಡದ್ದಲ್ಲ, ಹತ್ತಾರು ಸಭೆಗಳವರು ಸೇರಿ ನಡೆಸುವ ಸಂಸ್ಥೆ. ಹೆಸರು ಬ್ಯಾಪ್ಟಿಸ್ಟ್ ಎಂದೇ ಉಳಿಯಿತು.

ರಾತ್ರಿ ಪಾಳಿ ಶುರುವಾಗುವ ಮೊದಲು ನಾವು ವಾರ್ಡಿನ ಮೂಲೆಯಲ್ಲಿ ನಿಂತು ಎರಡು ನಿಮಿಷ ಪ್ರಾರ್ಥನೆ ಮಾಡುತ್ತಿದ್ದೆವು. ನನ್ನ ಎಡಕ್ಕೆ ಮಾರ್ತೋಮಾ ಸಭೆಯ ಹುಡುಗಿ, ಬಲಕ್ಕೆ ಸಿಎಸ್‌ಐನವಳು. ಕೈಯಲ್ಲಿ ಥರ್ಮಾಮೀಟರ್ ತಟ್ಟೆ. ಭಾನುವಾರ ನಾವು ಬೇರೆ ಬೇರೆ ಬಾಗಿಲುಗಳಿಗೆ ಹೋಗುತ್ತಿದ್ದೆವು. ಅವರು ಚಿಕ್ಕ ಮಕ್ಕಳಿಗೆ ಕೊಡುವ ದೀಕ್ಷಾಸ್ನಾನವನ್ನು ನಾನು ಎಂದೂ ಒಪ್ಪಿದವಳಲ್ಲ, ಒಪ್ಪುವಂತೆ ಅವರು ಕೇಳಲೂ ಇಲ್ಲ.

ಉತ್ತರ: ಸಭಾಚರಿತ್ರೆಯ ವಿದ್ಯಾರ್ಥಿ

ಕಾರ್ಯದರ್ಶಿಗಳೇ, ಈ ಜಗಳ ನಿಮ್ಮ ಊರಿನಲ್ಲಿ ಹುಟ್ಟಿದ್ದಲ್ಲ. ಬ್ಯಾಪ್ಟಿಸ್ಟರಷ್ಟೇ ಹಳೆಯದು.

ಇಂಗ್ಲೆಂಡಿನ ಬೆಡ್‌ಫರ್ಡಿನ ಜಾನ್ ಬನ್ಯನ್, ನೀರಿನ ದೀಕ್ಷಾಸ್ನಾನದ ಬಗ್ಗೆ ಅಭಿಪ್ರಾಯ ಬೇರೆಯಾದರೂ ಕರ್ತನ ಭೋಜನದಿಂದ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯಿಂದ) ಯಾರನ್ನೂ ಹೊರಗಿಡಬಾರದು ಎಂದು 1673ರಲ್ಲೇ ಬರೆದರು. ಲಂಡನ್ನಿನ ವಿಲಿಯಂ ಕಿಫಿನ್ ಅದನ್ನು ಬಲವಾಗಿ ವಿರೋಧಿಸಿದರು. ಇಬ್ಬರೂ ಬ್ಯಾಪ್ಟಿಸ್ಟರ ಹಿರಿಯರೇ. ಬಂಗಾಳದ ಶ್ರೀರಾಮಪುರದಲ್ಲಿ ಬ್ಯಾಪ್ಟಿಸ್ಟ್ ಮಿಷನರಿಗಳಾದ ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ ಭೋಜನದ ಮೇಜನ್ನು ಕೆಲವು ವರ್ಷ ಇತರ ಸಭೆಗಳವರಿಗೂ ತೆರೆದಿಟ್ಟು, ಆಮೇಲೆ ಮತ್ತೆ ಮುಚ್ಚಿದರು. ಅದೇ ಕೇರಿ, ಎಲ್ಲ ಪಂಗಡಗಳ ಮಿಷನರಿಗಳು 1810ರಲ್ಲಿ ಗುಡ್ ಹೋಪ್ ಭೂಶಿರದಲ್ಲಿ ಸೇರೋಣ ಎಂದು ಇಂಗ್ಲೆಂಡಿಗೆ ಬರೆದಿದ್ದರು. ಅಲ್ಲಿನ ಮಿಷನ್ ಕಾರ್ಯದರ್ಶಿ ಆಂಡ್ರ್ಯೂ ಫುಲ್ಲರ್ ಅದನ್ನು ಇಂಪಾದ ಕನಸು ಎಂದು ಪಕ್ಕಕ್ಕೆ ಇಟ್ಟರು. ಒಬ್ಬನೇ ಮನುಷ್ಯನ ಬದುಕಿನಲ್ಲಿ ಬಾಗಿಲು ತೆರೆಯುವುದೂ ಮುಚ್ಚುವುದೂ ಎರಡೂ ನಡೆದವು.

‘ಹಳೆಯ ದಾರಿ’ಯವರು ಸ್ಪರ್ಜನ್ ಅವರನ್ನು ನೆನೆದದ್ದು ಸರಿಯೇ. ಆದರೆ ಅವರ ಸಭೆಯಲ್ಲಿ ಸದಸ್ಯತ್ವ ಮುಳುಗಿ ದೀಕ್ಷಾಸ್ನಾನ ಪಡೆದವರಿಗೆ ಮಾತ್ರವಿದ್ದರೂ ಕರ್ತನ ಭೋಜನಕ್ಕೆ ಇತರ ಸಭೆಗಳ ವಿಶ್ವಾಸಿಗಳನ್ನೂ ಸೇರಿಸಿಕೊಳ್ಳುತ್ತಿದ್ದರು. ಸುವಾರ್ತೆಯ ತಿರುಳನ್ನು ಬಿಟ್ಟವರಿಂದ ಅವರು ಬೇರ್ಪಟ್ಟರು. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವವರನ್ನು ಅದೇ ಸಾಲಿಗೆ ಸೇರಿಸಲಿಲ್ಲ.

‘ಅವರ ಜೊತೆ ಸೇರಿದವರಿಂದಲೂ ದೂರ’ ಎನ್ನುವ ಎರಡನೆಯ ಹಂತದ ಬೇರ್ಪಡುವಿಕೆ ಗಟ್ಟಿಯಾದದ್ದು ಮುಖ್ಯವಾಗಿ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ. 1957ರಲ್ಲಿ ಸುವಾರ್ತಾ ಬೋಧಕ ಬಿಲ್ಲಿ ಗ್ರಹಾಂ ನ್ಯೂಯಾರ್ಕಿನ ಕೂಟಗಳಿಗೆ ಉದಾರವಾದಿ (ಹಳೆಯ ಬೋಧನೆಯನ್ನು ಸಡಿಲಿಸಿದ) ಸಭೆಗಳ ಸಹಕಾರವನ್ನೂ ಪಡೆದರು. ಗ್ರಹಾಂ ಅವರ ಬೋಧನೆಯಲ್ಲಿ ತಪ್ಪು ಕಾಣದಿದ್ದವರೂ, ಯಾರನ್ನು ಜೊತೆಗೆ ಕರೆದುಕೊಂಡರು ಎಂಬ ಒಂದೇ ಕಾರಣಕ್ಕೆ ಅವರನ್ನು ಬಿಟ್ಟರು. ಬ್ಯಾಪ್ಟಿಸ್ಟ್ ಬೋಧಕ ಜಾನ್ ಆರ್. ರೈಸ್ ಅಂಥ ಒಬ್ಬರು. ನಿಮ್ಮ ಪಾಲಕರ ಮಾತು ಈ ಸಾಲಿನಿಂದ ಬಂದದ್ದು. ಅಕ್ಕನವರು ಹೇಳಿದ ಸದರ್ನ್ ಬ್ಯಾಪ್ಟಿಸ್ಟರನ್ನೇ ನೋಡಿ: ಬೆಂಗಳೂರಿನಲ್ಲಿ ಆಸ್ಪತ್ರೆಯನ್ನು ಸಂಯುಕ್ತ ಸಂಸ್ಥೆಗೆ ಒಪ್ಪಿಸಿದರು, 2004ರಲ್ಲಿ ಬೋಧನೆಯ ಕಾರಣ ಕೊಟ್ಟು ಬ್ಯಾಪ್ಟಿಸ್ಟ್ ವಿಶ್ವ ಒಕ್ಕೂಟದಿಂದ ಹೊರಬಂದರು.

ನಮ್ಮ ದೇಶದಲ್ಲಿ 1947ರಲ್ಲಿ ಹಲವು ಪಂಗಡಗಳು ಕೂಡಿ ಸಿಎಸ್‌ಐ ಆದಾಗ ಬ್ಯಾಪ್ಟಿಸ್ಟರು ಸೇರಲಿಲ್ಲ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಹಾಗೆಯೇ ಉತ್ತರ ಭಾರತದ ಸಿಎನ್‌ಐ (ಚರ್ಚ್ ಆಫ್ ನಾರ್ತ್ ಇಂಡಿಯಾ) ಆದಾಗ ಅಲ್ಲಿನ ಬ್ಯಾಪ್ಟಿಸ್ಟರಲ್ಲಿ ಅನೇಕರು ಸೇರಿದರು, ಉಳಿದವರು ಹೊರಗೇ ನಿಂತರು. ಆ ಸಭೆಯ ನಿಯಮದಲ್ಲಿ ಶಿಶು ದೀಕ್ಷಾಸ್ನಾನ, ವಿಶ್ವಾಸಿಯ ದೀಕ್ಷಾಸ್ನಾನ ಎರಡಕ್ಕೂ ಜಾಗವಿದೆ. ಒಂದೇ ಸಭೆಯಾಗಿ ಕೂಡಿಕೊಳ್ಳುವುದು ಬೇರೆ, ಒಂದು ಮಧ್ಯಾಹ್ನ ಜೊತೆಗೆ ಕೂರುವುದು ಬೇರೆ. ನಿಮ್ಮ ಮುಂದಿರುವುದು ಎರಡನೆಯದು.

ಒಂದು ಮಾತನ್ನು ಯಾರೂ ಕೇಳಲಿಲ್ಲ, ನಾನು ಕೇಳುತ್ತೇನೆ. ಇದನ್ನು ತೀರ್ಮಾನಿಸಿದವರು ಯಾರು? ನಮ್ಮಲ್ಲಿ ಬಿಷಪ್ ಇಲ್ಲ. ಪಾಲಕರು ಬೋಧಿಸುತ್ತಾರೆ, ನಡೆಸುತ್ತಾರೆ, ನಿರ್ಣಯ ಮಾಡುವುದು ಕೂಡಿದ ಸಭೆ. ಪತ್ರ ಬಂದದ್ದು ಸಭೆಗೆ. ಸದಸ್ಯರ ಮುಂದೆ ಅದನ್ನು ಓದಿದಿರಾ?

ಪ್ರಶ್ನೆ ಕೇಳಿದವರು

ಓದಿರಲಿಲ್ಲ. ಹನ್ನೊಂದು ವರ್ಷದಿಂದ ಕಾರ್ಯದರ್ಶಿಯಾಗಿರುವ ನನಗೆ ಅದು ಹೊಳೆಯಬೇಕಿತ್ತು. ನಿಮ್ಮ ಉತ್ತರ ಓದಿದ ಮರುದಿನ ಪಾಲಕರ ಬಳಿ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವು ಹೇಳುವುದು ಸರಿ’ ಎಂದರು.

ನಿನ್ನೆ ಆರಾಧನೆಯ ನಂತರ ಸದಸ್ಯರು ಕುಳಿತರು. ಪತ್ರವನ್ನು ನಾನು ಗಟ್ಟಿಯಾಗಿ ಓದಿದೆ. ಪಾಲಕರು ತಮ್ಮ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಹಿರಿಯ ತಾಯಿಯೊಬ್ಬರು ಎದ್ದು ತಮ್ಮ ಮಗನ ಕಥೆ ಹೇಳಿದರು. ಮಗ ಗಾಡಿಯ ಕಂತಿನ ಹಣವನ್ನು ಆ ಸಾಲ ತೀರಿಸುವ ಬೋಧಕರ ಕಾಣಿಕೆ ಪೆಟ್ಟಿಗೆಗೆ ಹಾಕಿ ಗಾಡಿಯನ್ನೇ ಕಳೆದುಕೊಂಡಿದ್ದಾನೆ. ಆಕೆ ಕೂತ ಮೇಲೆ ಆ ವೇದಿಕೆಗೆ ಹೋಗೋಣ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಪಾಲಕರು ಅಲ್ಲಿ ಬೋಧಿಸುವುದಿಲ್ಲ.

ಆದರೆ ಅಯ್ಯನವರಿಂದಲೂ ದೂರವಿರಬೇಕು ಎಂಬುದಕ್ಕೆ ಸಭೆ ಒಪ್ಪಲಿಲ್ಲ. ಅದರ ಪರವಾಗಿ ಕೈ ಎತ್ತಿದವರು ಆರೇ ಜನ. ಈಸ್ಟರ್ ಬೆಳಗಿನ ಜಾವ ಸಿಎಸ್‌ಐ ಸಭೆಯವರು ಸಮಾಧಿ ಸ್ಥಳದಲ್ಲಿ ಮೇಣದಬತ್ತಿ ಹಚ್ಚಿ ಪ್ರಾರ್ಥನೆ ಮಾಡುತ್ತಾರೆ. ಅದಕ್ಕೆ ಮುಂಚಿನ ಶನಿವಾರ ನಾವು ಹೋಗಿ ಕಳೆ ಕಿತ್ತು, ಅಲ್ಲಿರುವ ಎಲ್ಲ ಸಮಾಧಿಗಳಿಗೂ ಸುಣ್ಣ ಬಳಿಯುವುದು ಎಂದು ನಿರ್ಣಯವಾಯಿತು. ಸುಣ್ಣದ ಖರ್ಚು ತಮ್ಮದು ಎಂದು ಪಾಲಕರೇ ಹೇಳಿದರು. ಅವರೂ ಆ ಆರು ಜನರಲ್ಲಿ ಒಬ್ಬರು.

ಪತ್ರ ಬರೆದಾಯಿತು. ಕಾರಣವನ್ನು ಮುಚ್ಚಿಡದೆ ಬರೆದಿದ್ದೇನೆ, ಆ ಬೋಧನೆಯಿಂದ ನಮ್ಮ ಒಂದು ಮನೆಗೆ ಆದದ್ದನ್ನೂ ಬರೆದಿದ್ದೇನೆ. ಐದನೆಯ ಮಾತಿಗೆ ಬೇರೆಯವರನ್ನು ಹುಡುಕಲು ಅಯ್ಯನವರಿಗೆ ಸಮಯ ಬೇಕು, ಅದಕ್ಕೆ ಅಂಚೆಗೆ ಹಾಕದೆ ಸಂಜೆ ನಾನೇ ನಡೆದುಕೊಂಡು ಹೋಗಿ ಕೈಗೆ ಕೊಟ್ಟು ಬರುತ್ತೇನೆ.