ಪದಚರ್ಚೆ: ಎಣ್ಣೆಬಣ್ಣದ ಪೋರ್ಟ್ರೇಟ್‌ಗೆ 'ಭಾವಚಿತ್ರ' ಸಾಕೇ? ಐಡೆಂಟಿಟಿಗೆ ಏನು?

ಗೆಳೆಯರೇ,

ಹಾಸನದಲ್ಲಿರುವ ನನ್ನ ಅಕ್ಕನ ಮಗಳು ಎಣ್ಣೆಬಣ್ಣದಲ್ಲಿ ಮುಖಗಳನ್ನು ಬರೆಯುತ್ತಾಳೆ. ಈಗ ಸಣ್ಣದೊಂದು ಪ್ರದರ್ಶನ ಇಡುತ್ತಿದ್ದಾಳೆ. ಅದರ ಪರಿಚಯದ ಹಾಳೆ, ಗೋಡೆಗೆ ಅಂಟಿಸುವ ಚೀಟಿ ಎಲ್ಲ ಕನ್ನಡದಲ್ಲೇ ಇರಬೇಕಂತೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಪೋರ್ಟ್ರೇಟ್‌ಗೆ ಭಾವಚಿತ್ರ ಇದೆಯಲ್ಲ ಅಂತೀರಿ. ಇದೆ. ಆದರೆ 'ಇತ್ತೀಚಿನ ಭಾವಚಿತ್ರ ಲಗತ್ತಿಸಿ' ಎಂದು ಅರ್ಜಿಗಳಲ್ಲಿ ಓದಿ ಓದಿ ಅದು ಫೋಟೋ ಆಗಿಬಿಟ್ಟಿದೆ. 'ತೈಲವರ್ಣದ ಭಾವಚಿತ್ರ' ಅಂದರೋ, ಪೇಟ ಸುತ್ತಿದ ಮಹಾರಾಜರು ಬಂದು ನಿಲ್ಲುತ್ತಾರೆ. ಆ ಚಿತ್ರಗಳಲ್ಲಿ ಕೂತವರು ಯಾರು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ಈಗಿನವರು ಕೇಳುವುದೇ ಆ ಪ್ರಶ್ನೆಯನ್ನು. ಹಂಗೇರಿಯ ತಾಯಿ, ಪಂಜಾಬಿನ ತಂದೆಯ ಮಗಳಾದ ಅಮೃತಾ ಶೇರ್‌ಗಿಲ್ 1934ರಲ್ಲೇ ತಮ್ಮನ್ನು ತಹೀತಿ ದ್ವೀಪದ ಹೆಂಗಸಿನಂತೆ ಬರೆದುಕೊಂಡಿದ್ದರು. ಅಮೆರಿಕದ ಏಮಿ ಶೆರಾಲ್ಡ್ ಬರೆದ ಮಿಶೆಲ್ ಒಬಾಮಾ ಚಿತ್ರ 2018ರಲ್ಲಿ ಅನಾವರಣವಾಯಿತು. ಅದರಲ್ಲಿ ಮೈಬಣ್ಣ ಪೂರ್ತಿ ಬೂದು. ಬಣ್ಣ ನೋಡಿ ಜನರನ್ನು ಅಳೆಯುವ ಕಣ್ಣು ಅಲ್ಲಿ ತಡವರಿಸುತ್ತದೆ.

ಅಕ್ಕನ ಮಗಳು ತನ್ನನ್ನೇ ಬರೆದುಕೊಂಡ ಚಿತ್ರಕ್ಕೆ 'ಸ್ವಭಾವಚಿತ್ರ' ಅಂತ ಬರೆದುಕೊಟ್ಟೆ. ಸ್ವಭಾವದ ಚಿತ್ರ ಎಂದೂ ಓದಬಹುದು. ನನಗೆ ಅದೇ ಇಷ್ಟ, ಅವಳಿಗೆ ಇಲ್ಲ.

ನಿಜವಾದ ತೊಡಕು ಐಡೆಂಟಿಟಿಯದು. 'ಅಸ್ಮಿತೆ' ಪತ್ರಿಕೆಗಳಲ್ಲಿ ಓಡಾಡುವ ಪದ, ಆದರೆ ನಾಡು ನುಡಿಯ ಭಾಷಣದ ವಾಸನೆ ಜಾಸ್ತಿ. ಒಬ್ಬಳ ಮುಖಕ್ಕೆ ಅಷ್ಟು ದೊಡ್ಡ ಪೇಟ ಬೇಕಾ? ಅಲ್ಲದೆ ಪತಂಜಲಿಯ ಯೋಗಸೂತ್ರದಲ್ಲಿ ಅಸ್ಮಿತೆ ಐದು ಕ್ಲೇಶಗಳಲ್ಲಿ ಒಂದು! 'ಅನನ್ಯತೆ' ಎಂದರೆ ಬೇರೆ ಯಾರ ಹಾಗೂ ಇಲ್ಲದಿರುವುದು. ಇವಳ ಚಿತ್ರಗಳು ಅದಕ್ಕೆ ತದ್ವಿರುದ್ಧ. ಮೂಗು ಅಜ್ಜಿಯದು, ಹಣೆ ಅಪ್ಪನದು, ಹಾಗಾದರೆ ನನ್ನದು ಯಾವುದು ಅಂತ ಅವು ಕೇಳುತ್ತವೆ. ಎಣ್ಣೆಬಣ್ಣ ಇದಕ್ಕೆ ಒಗ್ಗುತ್ತದೆ. ಅಗಸೆ ಎಣ್ಣೆ ನೀರಿನ ಹಾಗೆ ಆರಿಹೋಗುವುದಿಲ್ಲ, ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಹಾಗಾಗಿ ಕೆರೆದು ತಿದ್ದಲು ದಿನಗಟ್ಟಲೆ ಸಮಯ ಸಿಗುತ್ತದೆ. ಮೇಲಿನ ಪದರ ತೆಳುವಾಗಿದ್ದರೆ ಕೆಳಗೆ ಬರೆದಿದ್ದ ಮುಖವೂ ಇಣುಕುತ್ತದೆ.

ನನ್ನ ಮತ 'ಗುರುತು' ಪದಕ್ಕೆ. ನಮ್ಮ ಕಡೆ 'ಗುರುತು ಸಿಗಲಿಲ್ವಾ?' ಅಂತಾರೆ, ಪರಿಚಯದವರನ್ನು 'ಗುರುತಿನವರು' ಅಂತಾರೆ. ಇಲ್ಲಿ ಗುರುತು ಹಿಡಿಯುವವರು ಯಾವಾಗಲೂ ಇನ್ನೊಬ್ಬರೇ. ಒಳಗಿನ 'ನಾನು' ಎಲ್ಲಿ ಹೋಯಿತು ಅಂತ ಅವಳ ತಕರಾರು. ಆದರೆ ಇನ್ನೊಬ್ಬರು ನೋಡದೆ ಪೋರ್ಟ್ರೇಟ್ ಎಲ್ಲಿಂದ ಬರಬೇಕು?

ಇನ್ನೊಂದು 'ಚಹರೆ'. ಪೊಲೀಸರ 'ಕಾಣೆಯಾಗಿದ್ದಾರೆ' ಪ್ರಕಟಣೆಗಳ ಚಹರೆ ಪಟ್ಟಿ ಓದಿದ್ದೀರಲ್ಲ: ಕೋಲುಮುಖ, ಸಾಧಾರಣ ಮೈಕಟ್ಟು, ಎಣ್ಣೆಗೆಂಪು ಮೈಬಣ್ಣ. ಮುಖ ವರ್ಣಿಸುವ ಇಷ್ಟು ಒಳ್ಳೆಯ ಮಾತುಗಳು ಠಾಣೆಯ ಕಾಗದದಲ್ಲಿ ಉಳಿದಿವೆ, ಕಲಾವಿಮರ್ಶೆಯಲ್ಲಿ ಕಾಣುವುದಿಲ್ಲ. 'ಎಣ್ಣೆಗೆಂಪು' ಕೇಳಿದ್ದೇ ಅವಳು ಒಂದು ಚಿತ್ರಕ್ಕೆ ಆ ಹೆಸರೇ ಇಟ್ಟುಬಿಟ್ಟಳು.

ಬರೆಯುವವರಿಗೆ 'ರೂವಾರಿ' ಅನ್ನಬಹುದೇ? ಹೊಯ್ಸಳರ ಶಾಸನಗಳಲ್ಲಿ ಶಿಲ್ಪಿಗೆ ಆ ಹೆಸರು. ರೂಪಕಾರ ಪದದಿಂದ ಬಂದದ್ದು. ನಮ್ಮ ಜಿಲ್ಲೆಯ ನುಗ್ಗೇಹಳ್ಳಿ ಗುಡಿಯಲ್ಲಿ ಮಲ್ಲಿತಮ್ಮ, ಬೈಚೋಜ ಎಂದು ಶಿಲ್ಪಿಗಳು ಹೆಸರು ಕೊರೆದಿದ್ದಾರೆ. ಈಗ ಮಾತ್ರ ರೂವಾರಿ ಎಂದರೆ ಯೋಜನೆಯದೋ ಹಗರಣದ್ದೋ ಆಗಿದೆ. ಮುಖ ಬರೆಯುವವರಿಗೆ ಅದನ್ನು ವಾಪಸ್ ತಂದರೆ ಓದುವವರಿಗೆ ಹೊಳೆಯುತ್ತದಾ?

ಚಿತ್ರಕ್ಕೆ ಕೂರುವವರಿಗೂ ಒಂದು ಪದ ಬೇಕು. 'ರೂಪದರ್ಶಿ' ಅಂದರೆ ಸೀರೆ ಅಂಗಡಿಯ ಜಾಹೀರಾತು ನೆನಪಾಗುತ್ತದೆ. ಸದ್ಯಕ್ಕೆ ಸುಮ್ನೆ 'ಕೂತವರು' ಎಂದು ಬರೆದಿದ್ದೇನೆ. ಚಿತ್ರಶಾಲೆಗಳಲ್ಲಿ ಕಲಿತವರು ಯಾರಾದರೂ ಇದ್ದರೆ, ಅಲ್ಲಿ ಏನನ್ನುತ್ತಿದ್ದಿರಿ ಎಂದು ಚೀಟಿಗಳು ಅಚ್ಚಿಗೆ ಹೋಗುವ ಮೊದಲು ತಿಳಿಸಿ.