ಪದ ಬೇಕು: ಸ್ಪ್ರೇನ್‌ಗೊಂದು, ಸ್ಟ್ರೇನ್‌ಗೊಂದು (ನಾಳೆ ಗೋಡೆಗೆ ಬರೆಸಬೇಕು)

ಎಲ್ಲರಿಗೂ ಶರಣು.

ನಮ್ಮ ಶಾಲೆಯ ಕಬಡ್ಡಿ ಅಂಗಳದ ಗೋಡೆಗೆ ನಾಳೆ ಪೇಂಟರ್ ಬರುತ್ತಾರೆ. ಆಡುವಾಗ ಪೆಟ್ಟಾದರೆ ಏನು ಮಾಡಬೇಕು ಅಂತ ಬರೆಸಬೇಕು. ನನ್ನ ಕೈಲಿರುವ ಕರಪತ್ರದಲ್ಲಿ ಸ್ಪ್ರೇನ್‌ಗೂ ಸ್ಟ್ರೇನ್‌ಗೂ 'ಉಳುಕು' ಅಂತಲೇ ಇದೆ. ರೇಡಿಗೆ ಹೋದ ಹುಡುಗನ ಪಾದ ಒಳಕ್ಕೆ ಮಡಚಿ, ಹೊರಮಗ್ಗುಲ ಲಿಗಮೆಂಟ್, ಅಂದರೆ ಎಲುಬಿಗೆ ಎಲುಬು ಕಟ್ಟುವ ನಾರು, ಹಿಗ್ಗಿದರೆ ಅದು ಸ್ಪ್ರೇನ್. ಓಡುತ್ತಿದ್ದವನು ತಟ್ಟನೆ ತೊಡೆಯ ಹಿಂಭಾಗ ಹಿಡಿದು ನಿಂತರೆ ಅದು ಸ್ಟ್ರೇನ್, ಮಾಂಸಖಂಡದ್ದು. ಎರಡಕ್ಕೂ ಒಂದೇ ಪದ ಬರೆಸಲು ಮನಸ್ಸಿಲ್ಲ. ಇನ್ನೊಂದು, ಐಸ್ ಇಡುವುದಕ್ಕೆ 'ಶೀತ ಶಾಖ' ಅಂತ ಹಾಕಿದ್ದಾರೆ, ಸರೀನಾ? ವಾರ್ಮ್ ಅಪ್‌ಗೆ ಏನು? ರಾತ್ರಿಯೊಳಗೆ ಹೇಳಿದರೆ ಉಪಕಾರ.

ದೈಹಿಕ ಶಿಕ್ಷಕ, ಶಹಾಪುರ

*

ಸ್ಪ್ರೇನ್‌ಗೆ ಉಳುಕು. ಚರ್ಚೆ ಬೇಡ. ತಮಿಳಲ್ಲಿ ಉಳುಕ್ಕು, ಸುಳುಕ್ಕು, ಮಲಯಾಳದಲ್ಲಿ ಉಳುಕ್ಕ್. ನಮ್ಮದೇ ಪದ.

ಸ್ಟ್ರೇನ್‌ಗೆ 'ಎಳೆತ'. 'ಸ್ನಾಯು ಸೆಳೆತ' ಅಂತ ಮಾತ್ರ ಬರೆಸಬೇಡಿ. ಸೆಳೆತ ಕ್ರ್ಯಾಂಪ್‌ಗೆ ಸೇರಿದ್ದು. ಮಾಂಸ ಗಟ್ಟಿ ಹಿಡಿಯುತ್ತದೆ, ನಿಧಾನ ಹಿಗ್ಗಿಸಿದರೆ ಬಿಡುತ್ತದೆ. ಎಳೆತವಾದ ಕಾಲನ್ನು ಹಾಗೆ ಹಿಗ್ಗಿಸಿದರೆ ಇನ್ನಷ್ಟು ಹರಿಯುತ್ತದೆ.

ಇನ್ನು ಆ 'ಸ್ನಾಯು'. ಇದನ್ನು ಹಿಂದೆಯೂ ಹೇಳಿದ್ದೇನೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಶ್ರುತ ಸಂಹಿತೆಯಲ್ಲಿ ಸ್ನಾಯು 900, ಪೇಶಿ (ಮಾಂಸಖಂಡ) 500 ಅಂತ ಬೇರೆ ಬೇರೆ ಲೆಕ್ಕವಿದೆ. ಅಲ್ಲಿ ಸ್ನಾಯು ಅಂದರೆ ಕಟ್ಟಿ ಹಿಡಿಯುವ ನಾರು, ಮಾಂಸ ಅಲ್ಲವೇ ಅಲ್ಲ. ಬಂಗಾಳಿಯಲ್ಲಿ ಅದೇ ಪದ ನರ ಆಗಿದೆ, ಮರಾಠಿಯಲ್ಲೂ ನಮ್ಮಲ್ಲೂ ಮಾಂಸಖಂಡ ಆಗಿದೆ. ಪಠ್ಯಪುಸ್ತಕದವರು ಇದರ ಮೇಲೆ ಲಿಗಮೆಂಟ್‌ಗೆ ಅಸ್ಥಿರಜ್ಜು, ಮಾಂಸವನ್ನು ಎಲುಬಿಗೆ ಕಟ್ಟುವ ಟೆಂಡನ್‌ಗೆ ಸ್ನಾಯುರಜ್ಜು ಅಂತ ಹೊಸೆದರು. ಅಚ್ಚ ಕನ್ನಡದಲ್ಲಿ ಎಲುಬುಕಟ್ಟು, ಮಾಂಸಹುರಿ ಅನ್ನಿ. ಆ್ಯಂಕಲ್‌ಗೆ 'ಹರಡು'.

ನಿವೃತ್ತ ಕನ್ನಡ ಉಪನ್ಯಾಸಕ, ಬೀದರ್

*

ಸರ್, 'ಹರಡು ಊದಿದರೆ' ಅಂತ ಗೋಡೆ ಮೇಲೆ ಬರೆದರೆ ಏಳನೇ ಕ್ಲಾಸಿನ ಹುಡುಗ ಏನು ಓದಿಕೊಳ್ಳುತ್ತಾನೆ? ಅವನಿಗೆ ಹರಡು ಅಂದರೆ ಚಾಪೆ ಹರಡುವುದು. 'ಪಾದದ ಕೀಲು' ಸಾಕು.

'ಶೀತ ಶಾಖ' ಖಂಡಿತ ಬೇಡ. ನಾನು ಫಿಸಿಯೊಥೆರಪಿ ಕೆಲಸದಲ್ಲಿದ್ದೇನೆ, ಇದನ್ನು ದಿನಾ ನೋಡುತ್ತೇನೆ. ಶಾಖ ಅನ್ನೋ ಪದ ಕಿವಿಗೆ ಬಿದ್ದರೆ ಸಾಕು, ಮನೆಯಲ್ಲಿ ಇಟ್ಟಂಗಿ ಕಾಯಿಸಿ ಬಟ್ಟೆ ಸುತ್ತಿ ಇಡುತ್ತಾರೆ. ಮೊದಲ ಎರಡು ಮೂರು ದಿನ ಕಾವು ಕೊಟ್ಟರೆ, ಎಣ್ಣೆ ಹಚ್ಚಿ ತಿಕ್ಕಿದರೆ ಒಳಗಿನ ರಕ್ತ ಜಾಸ್ತಿಯಾಗಿ ಬಾವು ಏರುತ್ತದೆ. ನೇರವಾಗಿ 'ಬಟ್ಟೆಯಲ್ಲಿ ಸುತ್ತಿದ ಐಸ್, 15ರಿಂದ 20 ನಿಮಿಷ' ಅಂತ ಬರೆಸಿ. ಬರೀ ಐಸ್ ಚರ್ಮ ಸುಡುತ್ತದೆ.

'ಮರ್ದನ ಮಾಡಬಾರದು' ಅಂತಲೂ ಬೇಡ, ಯಾರಿಗೂ ಮುಟ್ಟಲ್ಲ. 'ಮಾಲೀಶ್ ಬೇಡ' ಅನ್ನಿ.

'ಸಂಪೂರ್ಣ ವಿಶ್ರಾಂತಿ' ಅಂತ ಇದ್ದರೆ ತೆಗೆಸಿ. 1978ರಲ್ಲಿ ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲೆತ್ತಿ ಇಡುವುದು, ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ರೈಸ್ (RICE) ಅನ್ನೋ ಸೂತ್ರ ಬರೆದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ ಮುಂದೆ ತಮ್ಮ ಮಾತು ತಿದ್ದಿಕೊಂಡರು. ಐಸ್ ನೋವು ತಗ್ಗಿಸುತ್ತದೆ, ಆದರೆ ಹೆಚ್ಚು ಹೊತ್ತು ಇಟ್ಟರೆ ವಾಸಿಯಾಗುವುದು ತಡವಾಗಬಹುದು ಅಂತ. ಈಗ ಎರಡು ಮೂರು ದಿನ ಕಳೆದ ಮೇಲೆ ನೋವು ತಾಳುವಷ್ಟು ನಡೆಸುತ್ತೇವೆ. ಆಮೇಲೆ ಒಂಟಿ ಕಾಲಲ್ಲಿ ನಿಲ್ಲಿಸುತ್ತೇವೆ. ಒಮ್ಮೆ ಉಳುಕಿದ ಕೀಲು ಮತ್ತೆ ಉಳುಕದಿರಲು ಆ ಅಭ್ಯಾಸ ಬೇಕೇ ಬೇಕು. 'ಆರಾಮ' ಅಂತ ಬರೆದರೆ ತಿಂಗಳುಗಟ್ಟಲೆ ಮಂಚ ಬಿಟ್ಟು ಏಳಲ್ಲ.

ಕಲಬುರಗಿ

*

ಇಷ್ಟೊಂದು ಹುಡುಕುವುದು ಯಾಕೆ? ನಮ್ಮ ಕಡೆ ಅಂಗಳದಲ್ಲಿ ಬಿದ್ದವನು 'ಮೋಚ್ ಬಂತು' ಅಂತಾನೆ. ಅದನ್ನೇ ಬರೆಸಿ.

ಭಾಲ್ಕಿ

*

ಮೋಚ್ ಹಿಂದಿ. ಸಲ್ಲದು.

ಬೀದರ್

*

ಸಲ್ಲದು ಅನ್ನೋಕೆ ನೀವು ಯಾರು, ಗುರುಗಳೇ? 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿ ಕಚೇರಿ, ಶಾಲೆ ಎಲ್ಲಾ ಉರ್ದುವಿನಲ್ಲಿ ನಡೆಯಿತು. ನಮ್ಮ ಅಜ್ಜಂದಿರು ಅದರ ನಡುವೆಯೇ ಕನ್ನಡ ಉಳಿಸಿಕೊಂಡರು, ಜತೆಗೆ ದವಾಖಾನೆ, ಮಾಲೀಶ್ ಎಲ್ಲಾ ಕನ್ನಡ ಮಾಡಿಕೊಂಡರು. ಅಸ್ಥಿರಜ್ಜು ಸಂಸ್ಕೃತದಿಂದ ಬಂದರೆ ಅದು ಪಠ್ಯಕ್ಕೆ ಯೋಗ್ಯ, ಮೋಚ್ ಬೀದಿಯಿಂದ ಬಂದರೆ ಅಯೋಗ್ಯ, ಇದು ಯಾವ ನ್ಯಾಯ? 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದಾಗಿನಿಂದ ನಮ್ಮ ಮಾತನ್ನು ತಿದ್ದುವವರೇ ಜಾಸ್ತಿ.

ಭಾಲ್ಕಿ

*

ಅಸ್ಥಿರಜ್ಜುವನ್ನು ನಾನೂ ಒಪ್ಪಿಲ್ಲ. ಮೇಲೆ ಓದಿ. ಉಳುಕು ಅನ್ನೋ ಪದ ಮನೆಯಲ್ಲೇ ಇರುವಾಗ ಕಡ ತರುವುದು ಬೇಡ ಅಂದೆ, ಅಷ್ಟೇ. ದವಾಖಾನೆಯನ್ನು ಯಾರೂ ಕಿತ್ತುಹಾಕುತ್ತಿಲ್ಲ.

ಬೀದರ್

*

ಕಡದ ಜಗಳ ಆಮೇಲೆ ಆಡಿ. ಮಾಸ್ತರರಿಗೆ ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾರೆ.

ವಾರ್ಮ್ ಅಪ್‌ಗೆ 'ಮೈ ಬಿಸಿ ಮಾಡಿಕೊಳ್ಳಿ' ಅಂತ ಬರೆದರೆ ಸಾಲದು. ನಮ್ಮ ಬೇಸಿಗೆಯಲ್ಲಿ ಮೈ ಬಿಸಿಯಾಗೇ ಇದೆ ಅಂತ ಹುಡುಗರು ನೇರ ಅಂಗಳಕ್ಕೆ ಇಳಿಯುತ್ತಾರೆ. ಮೈ ಬೆವರಿದರೆ ತೊಡೆಯ ಮಾಂಸ ಓಟಕ್ಕೆ ಸಿದ್ಧವಾಯಿತು ಅಂತ ಅಲ್ಲ. 'ಮೈ ಸಡಿಲ ಮಾಡಿಕೊಳ್ಳಿ: ನಿಧಾನ ಓಟ, ಬಸ್ಕಿ, ಜಿಗಿತ' ಅಂತ ಮಾಡುವ ಕೆಲಸವನ್ನೇ ಬರೆಸಿ. ಫಿಫಾ 2006ರಲ್ಲಿ ರೂಪಿಸಿದ 11 ಪ್ಲಸ್ ಅನ್ನೋ ಕಾರ್ಯಕ್ರಮ ಇಂಥ 20 ನಿಮಿಷದ ಅಭ್ಯಾಸವೇ. ಅದು ಫುಟ್‌ಬಾಲಿನದು, ಆದರೆ ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ನೋಡಿಕೊಳ್ಳುವುದು ಕಬಡ್ಡಿಗೂ ಬೇಕು.

ಸೇಡಂ

*

ಎಲ್ಲರಿಗೂ ಶರಣು. ಪೇಂಟರ್‌ಗೆ ಕೊಡುತ್ತಿರುವುದು ಇದು:

ಆಟಕ್ಕೆ ಮುಂಚೆ ಮೈ ಸಡಿಲ ಮಾಡಿಕೊಳ್ಳಿ. ಕೀಲು ಉಳುಕಿದರೆ, ಮಾಂಸ ಎಳೆದರೆ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಪಟ್ಟಿ ಕಟ್ಟಿ, ಕಾಲು ಎತ್ತರದಲ್ಲಿಡಿ. ಮೂರು ದಿನ ಕಾವು ಬೇಡ, ಮಾಲೀಶ್ ಬೇಡ.

'ಮಾಂಸ ಎಳೆದರೆ' ಕಿವಿಗೆ ಸ್ವಲ್ಪ ಒರಟು ಅನ್ನಿಸುತ್ತಿದೆ. 'ನರ ಜಗ್ಗಿದರೆ' ಅಂತ ಹಾಕಲಾ? ಊರಲ್ಲಿ ಹಾಗೇ ಅಂತಾರೆ.

ಶಹಾಪುರ

*

ನರ ಬೇಡ. ನರ ಅಂದರೆ ಒಬ್ಬರಿಗೆ ರಕ್ತನಾಳ, ಇನ್ನೊಬ್ಬರಿಗೆ ನರ್ವ್. ಮಾಂಸವೇ ಇರಲಿ.

ಕೊನೆಗೆ ಒಂದು ಸಾಲು ಸೇರಿಸಿ: 'ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಎಲುಬು ಒತ್ತಿದರೆ ನೋವಾದರೆ ದವಾಖಾನೆಗೆ ಹೋಗಿ, ಎಕ್ಸ್‌ರೇ ತೆಗೆಸಿ.' ಇದು ಕೆನಡಾದ ಒಟ್ಟಾವದಲ್ಲಿ ರೂಪಿಸಿದ ನಿಯಮ, ಪಾದದ ಕೀಲಿನ ಪೆಟ್ಟಿಗೆ ಎಲ್ಲಾ ಕಡೆ ಬಳಸುತ್ತಾರೆ. ಮೂಳೆ ಅಂತ ಬರೆಸಬೇಡಿ. ನಮ್ಮ ಹುಡುಗರಿಗೆ ಎಲುಬು.

ಕಲಬುರಗಿ